ಆಸನಗಳ ಸಾಲಿನಲ್ಲಿ ಒಂದು ಊರಿನ ಚರಿತ್ರೆ: ಇಂಗ್ಲೆಂಡಿನ ಗಡಿಗ್ರಾಮ ಮಿಡಲ್ ಮತ್ತು ರಿಚರ್ಡ್ ಗಾಫ್

ಇಂಗ್ಲೆಂಡಿನ ಪಶ್ಚಿಮ ಅಂಚಿನಲ್ಲಿ, ವೇಲ್ಸ್ ದೇಶಕ್ಕೆ ತಾಗಿಕೊಂಡಿರುವ ಶ್ರಾಪ್‌ಷೈರ್ ಜಿಲ್ಲೆಯಲ್ಲಿ ಮಿಡಲ್ ಎಂಬ ಒಂದು ಸಣ್ಣ ಹಳ್ಳಿಯಿದೆ. ಜಿಲ್ಲಾ ಕೇಂದ್ರವಾದ ಶ್ರೂಸ್‌ಬರಿಯಿಂದ ಉತ್ತರಕ್ಕೆ ಸುಮಾರು 12 ಕಿಲೋಮೀಟರ್ ದೂರ. ಕೆಂಪು ಮರಳುಗಲ್ಲಿನ ಗುಡ್ಡ, ಸಂತ ಪೀಟರನ ಹೆಸರಿನ ಚರ್ಚು, ಪಾಳುಬಿದ್ದ ಕೋಟೆಯ ಒಂದು ತುಣುಕು, ಸುತ್ತ ದನ ಮೇಯುವ ಹಸುರು ಬಯಲು: ಕಣ್ಣಿಗೆ ಬೀಳುವುದು ಇಷ್ಟೆ. ಇಲ್ಲಿ ದೊಡ್ಡ ಯುದ್ಧ ನಡೆಯಲಿಲ್ಲ; ರಾಜರ ಪಟ್ಟಾಭಿಷೇಕವಾಗಲಿಲ್ಲ; ಜಗತ್ತಿಗೆ ಹೆಸರಾದ ಕವಿಯೋ ವಿಜ್ಞಾನಿಯೋ ಹುಟ್ಟಲಿಲ್ಲ. ಆದರೂ ಹದಿನೇಳನೆಯ ಶತಮಾನದ ಇಂಗ್ಲೆಂಡಿನ ಹಳ್ಳಿಗಾಡಿನ ಬದುಕನ್ನು ಅರಿಯಬಯಸುವ ಯಾವ ಚರಿತ್ರಕಾರನೂ ಈ ಊರನ್ನು ಬಿಟ್ಟು ಮುಂದೆ ಹೋಗಲಾರ. ಅದಕ್ಕೆ ಕಾರಣ ರಿಚರ್ಡ್ ಗಾಫ್ ಎಂಬ ಒಬ್ಬ ಜಮೀನುದಾರ. ತನ್ನ ಅರವತ್ತಾರರ ಪ್ರಾಯದಲ್ಲಿ ಅವನು ಕುಳಿತು ಬರೆದ ಒಂದು ಹಸ್ತಪ್ರತಿ ಮಿಡಲ್ ಊರನ್ನು ಮರೆವಿನಿಂದ ಉಳಿಸಿತು.

ಊರುಗಳ ಚರಿತ್ರೆ ಹೇಗೆ ಉಳಿಯುತ್ತದೆ, ಯಾರ ನೆನಪು ದಾಖಲೆಯಾಗುತ್ತದೆ, ಒಬ್ಬನು ಒಂದು ಊರಿಗೆ ಸೇರಿದವನು ಎಂಬುದಕ್ಕೆ ಯಾವುದು ಸಾಕ್ಷಿ ಎಂಬ ಪ್ರಶ್ನೆಗಳು ಗಡಿನಾಡಿನಲ್ಲಿ ಬಾಳುವ ಸಮುದಾಯಗಳಿಗೆ ಕೇವಲ ಪಾಂಡಿತ್ಯದ ಪ್ರಶ್ನೆಗಳಲ್ಲ. ಮಿಡಲ್‌ನ ಚರಿತ್ರೆ ಈ ಮೂರು ಪ್ರಶ್ನೆಗಳಿಗೂ ತನ್ನದೇ ರೀತಿಯಲ್ಲಿ ಉತ್ತರ ಕೊಡುತ್ತದೆ.

ಬರೆದವನು

ರಿಚರ್ಡ್ ಗಾಫ್‌ನ ಜ್ಞಾನಸ್ನಾನ ಮಿಡಲ್ ಚರ್ಚಿನಲ್ಲಿ 1635ರಲ್ಲಿ ನಡೆಯಿತು. ಅದೇ ಪ್ಯಾರಿಷ್‌ಗೆ, ಎಂದರೆ ಅದೇ ಚರ್ಚಿನ ವ್ಯಾಪ್ತಿಗೆ ಒಳಪಟ್ಟ ನ್ಯೂಟನ್ ಎಂಬ ಪುಟ್ಟ ಊರಿನಲ್ಲಿ ಅವನ ಮನೆತನ ಸ್ವಂತ ಭೂಮಿಯನ್ನು ಉಳುತ್ತಿತ್ತು. ಅವರು ಶ್ರೀಮಂತ ಧಣಿಗಳಲ್ಲ, ಕೂಲಿಗಳೂ ಅಲ್ಲ; ತಮ್ಮ ಹೊಲಕ್ಕೆ ತಾವೇ ಒಡೆಯರಾದ, ಊರ ವ್ಯವಹಾರದಲ್ಲಿ ಮಾತು ನಡೆಯುವ ನಡುಮಟ್ಟದ ಕುಳಗಳು. ಗಾಫ್ ಹತ್ತಿರದ ಪಾದ್ರಿಗಳ ಬಳಿ ಲ್ಯಾಟಿನ್ ಕಲಿತನು. ಬಳಿಕ ಸ್ಟ್ಯಾನ್‌ವಾರ್ಡೀನ್‌ನ ರಾಬರ್ಟ್ ಕಾರ್ಬೆಟ್ ಎಂಬ ನ್ಯಾಯಾಧಿಕಾರಿಯ ಬಳಿ ಗುಮಾಸ್ತನಾಗಿ ದುಡಿದನು. ಕ್ರಯಪತ್ರ, ಗೇಣಿಪತ್ರ, ಮರಣಶಾಸನ, ಫಿರ್ಯಾದುಗಳು ಅವನಿಗೆ ಕೈವಶವಾದದ್ದು ಅಲ್ಲಿ. ಊರಿಗೆ ಮರಳಿದ ಮೇಲೆ ನೆರೆಹೊರೆಯವರ ಕಾಗದಪತ್ರ ಓದಿಹೇಳುವ, ಬರೆದುಕೊಡುವ ಕೆಲಸ ಸಹಜವಾಗಿಯೇ ಅವನ ಪಾಲಿಗೆ ಬಂದಿತು. ಕನ್ನಡ ಓದುಗರು ಅವನನ್ನು ಶ್ಯಾನುಭೋಗನ ಪರಿಚಯವುಳ್ಳ ಒಬ್ಬ ಕೃಷಿಕನಾಗಿ ಊಹಿಸಿಕೊಳ್ಳಬಹುದು: ಯಾರ ಹೊಲ ಯಾರಿಂದ ಯಾರಿಗೆ ಬಂತು, ಯಾವ ಸಾಲ ಯಾವಾಗ ತೀರಿತು, ಯಾರ ಮಗಳು ಎಲ್ಲಿಗೆ ಮದುವೆಯಾಗಿ ಹೋದಳು ಎಂಬುದನ್ನು ಬಾಯಿಪಾಠದಂತೆ ಬಲ್ಲವನು.

1700ರಲ್ಲಿ ಅವನು ಮಿಡಲ್ ಪ್ಯಾರಿಷ್‌ನ ಪುರಾತನ ಸಂಗತಿಗಳ ಕುರಿತು ಒಂದು ಬರಹವನ್ನು ಸಿದ್ಧಪಡಿಸಿದನು. ಎಲ್ಲೆಗಳು, ಕೋಟೆ, ಚರ್ಚು, ಪಾದ್ರಿಗಳ ಪರಂಪರೆ, ಮೇನರಿನ ರೂಢಿಗಳು ಇದರಲ್ಲಿವೆ. ಆ ಕಾಲದ ವಿದ್ಯಾವಂತರು ತಮ್ಮ ಸೀಮೆಯ ಕುರಿತು ಬರೆಯುತ್ತಿದ್ದ ಕ್ರಮವೂ ಅದೇ. ಆದರೆ 1701ರಲ್ಲಿ ಅವನು ಎರಡನೆಯ ಭಾಗಕ್ಕೆ ಕೈಹಾಕಿದಾಗ, ಇಂಗ್ಲಿಷಿನಲ್ಲಿ ಅದುವರೆಗೆ ಯಾರೂ ಹಿಡಿಯದ ದಾರಿಯೊಂದನ್ನು ಹಿಡಿದನು. ಆ ಭಾಗದ ವಿಷಯ ಮಿಡಲ್ ಚರ್ಚಿನ ಆಸನಗಳು ಮತ್ತು ಅವು ಸೇರಿದ ಮನೆತನಗಳು.

ಆಸನ ಮತ್ತು ಮರ್ಯಾದೆ

ಚರ್ಚಿನೊಳಗೆ ಭಕ್ತರು ಕುಳಿತುಕೊಳ್ಳುವ ಮರದ ಉದ್ದನೆಯ ಆಸನಗಳು ಅಂದಿನ ಇಂಗ್ಲೆಂಡಿನಲ್ಲಿ ಬಂದವರು ಬಂದಲ್ಲಿ ಕೂರುವ ಬೆಂಚುಗಳಾಗಿರಲಿಲ್ಲ. ಪ್ರತಿಯೊಂದು ಆಸನವೂ, ಕೆಲವೊಮ್ಮೆ ಆಸನದ ಒಂದು ಪಾಲೂ, ಊರಿನ ನಿರ್ದಿಷ್ಟ ಮನೆಗೆ ಅಥವಾ ಹಿಡುವಳಿಗೆ ಸೇರಿತ್ತು. ಹೊಲ ಮಾರಾಟವಾದರೆ ಆಸನವೂ ಹೊಸ ಒಡೆಯನ ಪಾಲಾಗುತ್ತಿತ್ತು. ಮುಂದಿನ ಸಾಲುಗಳು ದೊಡ್ಡ ಮನೆತನಗಳಿಗೆ, ನಡುವಿನವು ಕೃಷಿಕರಿಗೆ, ಹಿಂದಿನವು ಮತ್ತು ಬದಿಯವು ಗುಡಿಸಲಿನವರಿಗೆ. ಜಾತ್ರೆಯಲ್ಲಿ ಮೊದಲ ವೀಳ್ಯ ಯಾರಿಗೆ, ತೇರಿನ ಮಿಣಿಗೆ ಮೊದಲು ಕೈಹಚ್ಚುವವರು ಯಾರು, ನೇಮದ ಕಳದಲ್ಲಿ ಯಾವ ಗುತ್ತಿನವರು ಎಲ್ಲಿ ನಿಲ್ಲಬೇಕು ಎಂಬ ಲೆಕ್ಕಗಳನ್ನು ಬಲ್ಲ ಕನ್ನಡ ನಾಡಿನವರಿಗೆ, ತುಳುನಾಡಿನವರಿಗೆ ಇದರ ತೂಕವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೂಜಾಸ್ಥಳದಲ್ಲಿ ಸಿಗುವ ಜಾಗವೇ ಊರಿನಲ್ಲಿ ಸಿಗುವ ಜಾಗ.

ಮಿಡಲ್‌ನಲ್ಲಿ ಈ ಜಾಗದ ಕುರಿತು ಜಗಳಗಳೂ ನಡೆದಿದ್ದವು. ಚರ್ಚಿನ ತೆರಿಗೆ ಕೊಡದ ಹುಡುಗರು ತೆರಿಗೆ ಕೊಡುವ ಗಣ್ಯರಿಗಿಂತ ಮುಂದೆ ಕೂರುವುದು ಸಲ್ಲದೆಂದು ಊರವರು ಸಭೆ ಸೇರಿ ಚರ್ಚಿಸಿದ ಪ್ರಸಂಗವನ್ನು ಗಾಫ್ ದಾಖಲಿಸಿದ್ದಾನೆ. ಯಾವ ಆಸನ ಯಾರದೆಂಬ ವಿವಾದ ಮತ್ತೆ ತಲೆಯೆತ್ತಿದರೆ ಮುಂದಿನವರಿಗೆ ಆಧಾರವಾಗಲಿ ಎಂಬ ವ್ಯಾವಹಾರಿಕ ಉದ್ದೇಶ ಅವನ ಬರಹದ ಬುಡದಲ್ಲಿದೆ.

ಅವನ ಕ್ರಮ ಸರಳ. ಮೊದಲು ಚರ್ಚಿನ ಆಸನಗಳ ನಕ್ಷೆ. ಬಳಿಕ ಒಂದೊಂದೇ ಆಸನವನ್ನು ತೆಗೆದುಕೊಂಡು, ಅದು ಯಾವ ಮನೆಗೆ ಸೇರಿದ್ದು, ಆ ಮನೆಯಲ್ಲಿ ಹಿಂದೆ ಯಾರಿದ್ದರು, ಅವರ ಮಕ್ಕಳು ಏನಾದರು, ಆಸ್ತಿ ಹೇಗೆ ಬೆಳೆಯಿತು ಅಥವಾ ಕರಗಿತು ಎಂಬುದನ್ನು ಹೇಳುತ್ತ ಹೋಗುವುದು. ಈ ಕ್ರಮದಿಂದಾಗಿ ಸಾಮಾನ್ಯ ಚರಿತ್ರೆಯಲ್ಲಿ ಎಂದೂ ಆಗದ ಒಂದು ಸಂಗತಿ ಇಲ್ಲಿ ಆಯಿತು. ಅರಮನೆಯಿಂದ ಆರಂಭವಾಗುವ ಚರಿತ್ರೆ ಅರಮನೆಯಲ್ಲಿಯೇ ಮುಗಿಯುತ್ತದೆ. ಆಸನದ ಸಾಲಿನಿಂದ ಆರಂಭವಾದ ಚರಿತ್ರೆ ಕೊನೆಯ ಸಾಲನ್ನೂ ಮುಟ್ಟಲೇಬೇಕು. ಜಮೀನುದಾರ, ಗೇಣಿದಾರ, ಕಮ್ಮಾರ, ದರ್ಜಿ, ಬಡಗಿ, ಕೂಲಿ, ಕುಡುಕ, ಕಳ್ಳ, ವಿಧವೆ ಎಲ್ಲರೂ ತಮ್ಮ ತಮ್ಮ ಸರದಿಯಲ್ಲಿ ಬಂದು ನಿಲ್ಲುತ್ತಾರೆ.

ಭೂಮಿ, ಕಾಡು, ಮೂರು ಜೀವಗಳ ಗೇಣಿ

ಮಿಡಲ್ ಗೋಧಿ ಬೆಳೆಯುವ ಬಯಲುಸೀಮೆಯ ಊರಲ್ಲ. ಕಾಡು, ಜೌಗು, ಸಣ್ಣ ಕೆರೆಗಳ ನಡುವೆ ಹರಡಿಕೊಂಡ ಬಿಡಿ ಮನೆಗಳ ನಾಡು ಇದು. ಹದಿನೈದನೆಯ ಶತಮಾನದ ಕೊನೆಯಿಂದ ಹದಿನೇಳನೆಯ ಶತಮಾನದ ಆರಂಭದವರೆಗೆ ಇಲ್ಲಿಯ ಕಾಡುಗಳನ್ನು ಕಡಿದು, ಜೌಗುಗಳ ನೀರನ್ನು ಹರಿಯಬಿಟ್ಟು, ಹುಲ್ಲುಗಾವಲು ಮಾಡಲಾಯಿತು. ದನ ಸಾಕಣೆ ಮತ್ತು ಹಾಲಿನ ಉತ್ಪನ್ನಗಳು ಜೀವನಾಧಾರವಾದವು. ಹೀಗೆ ತೆರವಾದ ಮಿಡಲ್ ವುಡ್ ಎಂಬ ಕಾಡಿನ ಅಂಚಿನಲ್ಲಿ ಹೊರಗಿನಿಂದ ಬಂದ ಬಡವರು ಗುಡಿಸಲು ಹಾಕಿದರು. ಮೊದಲಿಗೆ ಅವರನ್ನು ಕಂಡೂ ಕಾಣದಂತಿದ್ದರು. ಬಳಿಕ ಅಲ್ಪ ಗೇಣಿ ಕಟ್ಟಿಸಿಕೊಂಡು ಒಕ್ಕಲಾಗಿ ಒಪ್ಪಿಕೊಂಡರು. ಊರಿನ ಕೂಲಿಕಾರ ವರ್ಗ ಬೆಳೆದದ್ದು ಬಹುಮಟ್ಟಿಗೆ ಹೀಗೆ.

ಭೂಮಿಯ ಬಹುಭಾಗ ಎಲ್ಸ್‌ಮಿಯರ್ ಮತ್ತು ಮಿಡಲ್ ಎಂಬ ದೊಡ್ಡ ಪಾಳೆಯಕ್ಕೆ ಸೇರಿತ್ತು. ಗಾಫ್‌ನ ಕಾಲಕ್ಕೆ ಅದರ ಒಡೆತನ ಬ್ರಿಜ್‌ವಾಟರ್‌ನ ಅರ್ಲ್ ಮನೆತನದ್ದು. ಇಲ್ಲಿ ರೂಢಿಯಲ್ಲಿದ್ದ ಗೇಣಿಯ ಕ್ರಮ ವಿಶಿಷ್ಟವಾದದ್ದು. ಗೇಣಿಪತ್ರದಲ್ಲಿ ವರ್ಷಗಳ ಅವಧಿಯನ್ನು ಬರೆಯದೆ, ಮೂವರ ಹೆಸರುಗಳನ್ನು ಬರೆಯುತ್ತಿದ್ದರು: ಸಾಮಾನ್ಯವಾಗಿ ಗಂಡ, ಹೆಂಡತಿ, ಒಬ್ಬ ಮಗ. ಆ ಮೂವರಲ್ಲಿ ಕೊನೆಯವರು ಸಾಯುವತನಕ ಹಿಡುವಳಿ ಆ ಮನೆಯದು. ಆರಂಭದಲ್ಲಿ ದೊಡ್ಡ ಮೊತ್ತದ ಕಾಣಿಕೆ, ಆಮೇಲೆ ವರ್ಷ ವರ್ಷ ಸಣ್ಣ ಗೇಣಿ. ಒಬ್ಬರು ಸತ್ತಾಗ ಮತ್ತೆ ಹಣ ಕೊಟ್ಟು ಇನ್ನೊಂದು ಜೀವವನ್ನು ಸೇರಿಸಿಕೊಳ್ಳಬಹುದಿತ್ತು. ಹಣವಿಲ್ಲದವರು ಉಳಿದ ಜೀವಗಳ ಆಯುಷ್ಯವನ್ನೇ ನಂಬಿ ಕೂರಬೇಕಿತ್ತು.

ಗಾಫ್‌ನ ಬರಹವನ್ನು ಅರ್ಥಮಾಡಿಕೊಳ್ಳಲು ಈ ಕ್ರಮ ಒಂದು ಕೀಲಿಕೈ. ಇಂಥ ಊರಿನಲ್ಲಿ ಯಾರು ಬದುಕಿದ್ದಾರೆ, ಯಾರು ಸತ್ತರು, ಊರು ಬಿಟ್ಟವನು ಎಲ್ಲಿದ್ದಾನೆ ಎಂಬುದು ಕಟ್ಟೆಯ ಮೇಲಿನ ಹರಟೆಯ ಮಾತಲ್ಲ, ಆಸ್ತಿಯ ಮಾತು. ವಂಶಾವಳಿಯ ನೆನಪು ಹೊಲದ ಹಕ್ಕನ್ನು ಕಾಯುತ್ತಿತ್ತು. ಲಂಡನ್ನಿಗೆ ಹೋದ ಮಗನ ಸುದ್ದಿಯನ್ನು ಊರು ಕಿವಿಗೊಟ್ಟು ಕೇಳುತ್ತಿದ್ದುದು ಅಕ್ಕರೆಯಿಂದ ಮಾತ್ರವಲ್ಲ. ಸುಮಾರು 250 ಕಿಲೋಮೀಟರ್ ದೂರದ ಆ ಮಹಾನಗರಕ್ಕೆ ಮಿಡಲ್‌ನ ಯುವಕರು ಮತ್ತೆ ಮತ್ತೆ ಹೋಗುತ್ತಿದ್ದರು. ಕೆಲವರು ಕಸುಬು ಕಲಿಯಲು, ಕೆಲವರು ಚಾಕರಿಗೆ, ಕೆಲವರು ಸಾಲಗಾರರಿಂದಲೋ ಕಾನೂನಿನಿಂದಲೋ ತಪ್ಪಿಸಿಕೊಳ್ಳಲು. ಹಿಂದಿನ ಹಳ್ಳಿಯೆಂದರೆ ಹೊರಲೋಕವನ್ನು ಅರಿಯದ ನಿಂತ ನೀರು ಎಂಬ ಕಲ್ಪನೆಯನ್ನು ಗಾಫ್‌ನ ಪುಟಗಳು ಒಡೆಯುತ್ತವೆ.

ಯುದ್ಧ ಊರಿಗೆ ಬಂದಾಗ

1642ರಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಯುದ್ಧ ಹೊತ್ತಿಕೊಂಡಿತು. ಆಗ ಗಾಫ್ ಇನ್ನೂ ಬಾಲಕ. ದೊರೆಯ ಪರವಾಗಿ ಸೈನ್ಯ ಕೂಡಿಸುತ್ತಿದ್ದ ಸರ್ ಪಾಲ್ ಹ್ಯಾರಿಸ್ ಸುತ್ತಿನ ಊರಿನ ಗಂಡಸರನ್ನೆಲ್ಲ ಮಿಡಲ್ ಗುಡ್ಡದ ಮೇಲೆ ಸೇರುವಂತೆ ಕರೆಸಿದ್ದನು. ನೆಲಕ್ಕೆ ಊರಿದ ಭರ್ಜಿಗಳ ಪಕ್ಕದಲ್ಲಿ ಒಬ್ಬನು ಕೈಯಲ್ಲಿ ಕಾಗದ ಹಿಡಿದು ನಿಂತು, ದೊರೆಯ ಸೇವೆಗೆ ಬರುವವರಿಗೆ ವಾರಕ್ಕೆ 14 ಗ್ರೋಟ್ ಸಂಬಳವೆಂದು ಸಾರಿದ್ದನ್ನು ಗಾಫ್ ಕಂಡಿದ್ದನು. ಒಂದು ಗ್ರೋಟ್ ಎಂದರೆ 4 ಪೆನ್ನಿ. ದಿನಕ್ಕೆ 8 ಪೆನ್ನಿಯ ಲೆಕ್ಕ. ಆ ಸಂಬಳಕ್ಕೆ ಮನಸೋತು ಹೋದವರನ್ನು ಅವನು ಅರವತ್ತು ವರ್ಷಗಳ ಮೇಲೆ ಒಬ್ಬೊಬ್ಬರನ್ನಾಗಿ ನೆನೆದು ಬರೆದಿದ್ದಾನೆ.

ಮಿಡಲ್, ಮಾರ್ಟನ್, ನ್ಯೂಟನ್ ಎಂಬ ಮೂರು ಪುಟ್ಟ ಊರುಗಳಿಂದ ದೊರೆಯ ಪರ ಹೋದವರು 20 ಮಂದಿ. ಅವರಲ್ಲಿ ಸತ್ತವರು 13. ರಿಚರ್ಡ್ ಚಾಲನರ್ ಎಂಬ ಹುಡುಗ ಎಜ್‌ಹಿಲ್ ಕಾಳಗಕ್ಕೆ ಹೋದವನು, ಮತ್ತೆ ಅವನ ಸುದ್ದಿಯೇ ಬರಲಿಲ್ಲ. ರೀಸ್ ವಾನ್ ಎಂಬವನೂ ಗಾಫ್‌ನ ತಂದೆಯ ಮನೆಯಲ್ಲಿ ಆಳಾಗಿದ್ದ ಜಾನ್ ಆರ್ಥರ್ಸ್‌ನೂ ಹಾಪ್ಟನ್ ಕೋಟೆಯಲ್ಲಿ ಸತ್ತರು. ಕೆಲವರು ಎಲ್ಲಿ ಬಿದ್ದರೆಂಬುದು ತನಗೆ ತಿಳಿಯದೆಂದು ಅವನು ನೇರವಾಗಿಯೇ ಹೇಳುತ್ತಾನೆ. ಪಾರ್ಲಿಮೆಂಟಿನ ಪರ ಹೋದವರು ಕೆಲವರೇ. ಅವರಲ್ಲಿ ಮಿಡಲ್ ವುಡ್‌ನ ಜಾನ್ ಮೌಲ್ಡ್ ಕಾಲಿಗೆ ಗುಂಡು ತಗಲಿ, ಮೂಳೆ ಮುರಿದು, ಸೊಟ್ಟಗಾಲಿನೊಂದಿಗೆ ಮರಳಿದನು. ಮೂರು ಹಳ್ಳಿಗಳಿಂದಲೇ ಇಷ್ಟು ಜನ ಸತ್ತಿರುವಾಗ ಇಡೀ ಇಂಗ್ಲೆಂಡಿನಲ್ಲಿ ಸತ್ತವರು ಎಷ್ಟು ಸಾವಿರವೆಂಬುದನ್ನು ಊಹಿಸಬಹುದು ಎಂಬುದು ಅವನ ತರ್ಕ. ಊರಿನ ಲೆಕ್ಕದಿಂದ ದೇಶದ ಲೆಕ್ಕಕ್ಕೆ ಹೋಗುವ ಈ ದಾರಿಯನ್ನು ಸಮಾಜಚರಿತ್ರೆಕಾರರು ಹಿಡಿದದ್ದು ಎರಡೂವರೆ ಶತಮಾನಗಳ ಬಳಿಕ.

ಮಿಡಲ್‌ನೊಳಗೇ ನಡೆದ ಒಂದು ಸಾವನ್ನು ಅವನು ಕಣ್ಣಾರೆ ಕಂಡಿದ್ದನು. ದೊರೆಯ ಪಕ್ಷದ ಕಾಲಿನ್ಸ್ ಎಂಬ ಐರಿಷ್ ಅಧಿಕಾರಿಯು ಕಮ್ಮಾರನ ಅಂಗಡಿಯ ಮುಂದೆ ಕುದುರೆಗೆ ಲಾಳ ಹಾಕಿಸುತ್ತಿದ್ದನು. ಮಾರ್ಟನ್ ಕಾರ್ಬೆಟ್‌ನಲ್ಲಿ ಠಾಣ್ಯ ಹೂಡಿದ್ದ ಪಾರ್ಲಿಮೆಂಟಿನ ಸೈನಿಕರು ಅಲ್ಲಿಗೆ ಬಂದು ಎರಗಿದರು, ಅವನಿಗೆ ಗುಂಡು ತಗಲಿತು. ಸಾಯುತ್ತಿರುವವನ ಬಳಿ ಪ್ರಾರ್ಥನೆ ಮಾಡಲು ಹೋದ ಪಾದ್ರಿಯ ಹಿಂದೆ ಬಾಲಕ ಗಾಫ್ ಕೂಡ ಹೋದನು. ಹಾಸಿಗೆಯ ಮೇಲೆ ಮಲಗಿದ್ದವನನ್ನೂ ನೆಲದ ಮೇಲೆ ಹರಿಯುತ್ತಿದ್ದ ನೆತ್ತರನ್ನೂ ಅವನು ಕಂಡನು. ಯುದ್ಧದ ಕಾರಣಗಳನ್ನು ಕುರಿತು ಅವನು ಉದ್ದುದ್ದ ವಾದ ಹೂಡುವುದಿಲ್ಲ. ಸತ್ತವರು ಯಾವ ಆಸನದವರು ಎಂಬುದನ್ನು ಮಾತ್ರ ಹೇಳುತ್ತಾನೆ.

ಮುಚ್ಚುಮರೆಯಿಲ್ಲದ ನೆನಪು

ಗಾಫ್‌ನ ಬರಹದಲ್ಲಿ ಊರನ್ನು ಹೊಗಳುವ ಆತುರವಿಲ್ಲ. ನೆರೆಯವರ ಒಳ್ಳೆಯತನವನ್ನೂ ಕೇಡನ್ನೂ ಒಂದೇ ದನಿಯಲ್ಲಿ ಹೇಳುತ್ತಾನೆ. ಥಾಮಸ್ ಹೇವರ್ಡ್ ರೂಪವಂತ, ವಿದ್ಯಾವಂತ, ಎಲ್ಲರಿಗೂ ಬೇಕಾದವನು. ಆದರೆ ಮನೆಯಲ್ಲಿ ಹೆಂಡತಿಯ ಬಾಯಿ ತಾಳಲಾರದೆ ಹೊಟ್ಟೆಪಾಡಿಗೆಂದು ಪಾನಗೃಹಕ್ಕೆ ಹೋಗತೊಡಗಿದನು, ಸಂಗಡಿಗರ ಸಲಿಗೆಯಲ್ಲಿ ಅಲ್ಲಿಯೇ ಉಳಿಯತೊಡಗಿದನು, ಕ್ರಮೇಣ ಆಸ್ತಿ ಕರಗಿತು. ಡೌಂಟನ್ ಎಂಬವನ ಹೆಂಡತಿ ಜೂಡಿತ್ ನಿತ್ಯವೂ ಪಾನಗೃಹದಲ್ಲಿ ಕಳೆದು, ಗಂಡನು ಅವಳ ಬಾಕಿಯನ್ನು ತೀರಿಸುತ್ತಲೇ ಸೋತನು. ಕುಡಿತದಿಂದ ಹಾಳಾದ ಮನೆಗಳ ಪಟ್ಟಿ ಈ ಬರಹದಲ್ಲಿ ಉದ್ದವಾಗಿದೆ. ನೀತಿಬೋಧೆಗಿಂತ ಹೆಚ್ಚಾಗಿ ಅದು ಆಸ್ತಿಗಳು ಕೈಬದಲಾದ ಕಾರಣಗಳ ಪಟ್ಟಿ.

ನಗೆಗೂ ಇಲ್ಲಿ ಎಡೆಯಿದೆ. ರೀಸ್ ವೆನ್‌ಲಾಕ್ ಎಂಬ ಬಡವನಿಗೆ ರಾತ್ರಿಯ ಹೊತ್ತು ನೆರೆಯವರ ಬೇಲಿ ಕಿತ್ತು ಸೌದೆ ಮಾಡಿಕೊಳ್ಳುವ ಚಾಳಿ. ಬೇರೆ ದೊಡ್ಡ ಕಳವನ್ನು ಅವನು ಮಾಡಿದವನಲ್ಲ. ರೋಸಿಹೋದ ಒಬ್ಬ ಆಳು ಬೇಲಿಯ ಗೂಟವೊಂದನ್ನು ಕೊರೆದು ಮದ್ದು ತುಂಬಿ ಮತ್ತೆ ನೆಟ್ಟನು. ಆ ಗೂಟ ವೆನ್‌ಲಾಕ್‌ನ ರೊಟ್ಟಿ ಒಲೆಯನ್ನು ಸೇರಿದ ದಿನ ಒಲೆಯ ಮಾಡು ಸಿಡಿದು, ಮನೆಯ ಒಂದು ತುದಿಗೆ ಬೆಂಕಿ ಹತ್ತಿತು. ಊರು ಈ ಕಥೆಯನ್ನು ಎಷ್ಟು ಬಾರಿ ಹೇಳಿ ನಕ್ಕಿರಬೇಕು! ಆದರೆ ಅದೇ ಪುಟದಲ್ಲಿ ಇನ್ನೊಂದು ಸಂಗತಿಯೂ ಕಾಣುತ್ತದೆ: ವೆನ್‌ಲಾಕ್ ಒಳ್ಳೆಯ ಹಿಡುವಳಿಯಿದ್ದ ಮನೆತನದವನು. ಭೂಮಿ ತಪ್ಪಿಹೋದ ಮೇಲೆ ಕಾಡಿನ ಗುಡಿಸಲಿಗೆ ಬಂದವನು. ಬೇಲಿ ಕೀಳುವುದರ ಹಿಂದೆ ಸೌದೆಯ ಹಕ್ಕಿಲ್ಲದ ಬಡತನವಿತ್ತು. ಕಾಡು ಕಡಿದು ಬೇಲಿ ಹಾಕಿದ ಶತಮಾನದ ಇನ್ನೊಂದು ಮುಖ ಅದು.

ಘೋರ ಕಥೆಗಳೂ ಇವೆ. ನಾಕಿನ್‌ನ ಥಾಮಸ್ ಎಲ್ಕ್ಸ್ ಆಸ್ತಿಯಾಸೆಗೆ ತನ್ನ ಪಾಲನೆಯಲ್ಲಿದ್ದ ಅಣ್ಣನ ಅನಾಥ ಮಗುವನ್ನು ನೀರಿನ ಕೊಡದಲ್ಲಿ ಮುಳುಗಿಸಿ ಕೊಂದು ಲಂಡನ್ನಿನ ಕಡೆಗೆ ಓಡಿದನು. ಅವನನ್ನು ಹುಡುಕಿಕೊಂಡು ಹೊರಟ ಊರಿನವರು ದಾರಿಯಲ್ಲಿ ಎರಡು ಕಾಡುಕಾಗೆಗಳು ಒಂದು ಹುಲ್ಲಿನ ಮೆದೆಯ ಮೇಲೆ ಕೂತು ಕಿತ್ತಾಡುತ್ತಿರುವುದನ್ನು ಕಂಡರು. ಹೋಗಿ ನೋಡಿದರೆ ಮೆದೆಯಲ್ಲಿ ಎಲ್ಕ್ಸ್ ಮಲಗಿದ್ದನು. ಕೊಂದ ಗಳಿಗೆಯಿಂದ ಆ ಹಕ್ಕಿಗಳು ತನ್ನನ್ನು ಬೆನ್ನಟ್ಟಿದ್ದವೆಂದು ಅವನು ಒಪ್ಪಿಕೊಂಡನಂತೆ. ಇದು ಬಾಯಿಂದ ಬಾಯಿಗೆ ಬಂದ ಕಥೆ. ಇಂಥ ಕಡೆಗಳಲ್ಲಿ ಗಾಫ್ ದಾಖಲೆಯ ಗುಮಾಸ್ತನಲ್ಲ, ಜನಪದದ ಕಥೆಗಾರ. ಮಿಡಲ್ ಕೋಟೆಯ ಮೇಲ್ವಿಚಾರಕನಾಗಿದ್ದು 1491ರಲ್ಲಿ ಕಾನೂನಿನಿಂದ ಬಹಿಷ್ಕೃತನಾದ ಹಂಫ್ರಿ ಕೈನಾಸ್ಟನ್ ಎಂಬವನು ನೆಸ್‌ಕ್ಲಿಫ್‌ನ ಗುಹೆಯಲ್ಲಿ ಅಡಗಿ, ಕುದುರೆಯ ಮೇಲೆ ಹೊಳೆ ಹಾರಿದ ಕಥೆಯೂ ಈ ಬಗೆಯದೇ. ಕೈನಾಸ್ಟನ್ ಬಿಟ್ಟುಹೋದ ಕೋಟೆ ಮತ್ತೆ ಎದ್ದು ನಿಲ್ಲಲಿಲ್ಲ. 1688ರ ಭೂಕಂಪದಲ್ಲಿ ಅದರ ಉಳಿದ ಭಾಗವೂ ಬಹುಮಟ್ಟಿಗೆ ಕುಸಿಯಿತು. ಕಥೆ ಮಾತ್ರ ನಿಂತಿತು.

ಗಡಿಯ ಗುರುತು

ಮಿಡಲ್‌ನಿಂದ ವೇಲ್ಸ್‌ನ ಗಡಿ ಹೆಚ್ಚು ದೂರವಿಲ್ಲ. ಗಾಫ್ ಇಂಗ್ಲಿಷಿನಲ್ಲಿ ಬರೆದನು, ಇಂಗ್ಲಿಷರ ಚರ್ಚಿನಲ್ಲಿ ಕುಳಿತನು. ಆದರೆ ಅವನ ಮನೆತನದ ಹೆಸರೇ ವೆಲ್ಷ್ ಭಾಷೆಯದು. ಕೆಂಪು ಎಂಬ ಅರ್ಥದ 'ಕೋಚ್' ಎಂಬ ವೆಲ್ಷ್ ಪದ ಇಂಗ್ಲಿಷ್ ಬಾಯಿಗಳಲ್ಲಿ ಸವೆದು 'ಗಾಫ್' ಆಗಿದೆಯೆಂದು ಹೆಸರುಗಳ ವಿದ್ವಾಂಸರು ಹೇಳುತ್ತಾರೆ. ಹಾಪ್ಟನ್ ಕೋಟೆಯಲ್ಲಿ ಸತ್ತ ರೀಸ್ ವಾನ್‌ನ ಎರಡು ಹೆಸರುಗಳೂ ವೆಲ್ಷ್. 'ವಾನ್' ಎಂದರೆ ಕಿರಿಯ. ವೆಲ್ಷ್ ಜನರಲ್ಲಿ ಮನೆತನದ ಸ್ಥಿರ ಹೆಸರಿರಲಿಲ್ಲ. ತಂದೆಯ ಹೆಸರಿನ ಹಿಂದೆ ಮಗ ಎಂಬರ್ಥದ 'ಆಪ್' ಸೇರಿಸುತ್ತಿದ್ದರು. ಇಂಗ್ಲಿಷ್ ದಫ್ತರಗಳಲ್ಲಿ 'ಆಪ್ ರೀಸ್' ಎಂಬುದು 'ಪ್ರೀಸ್' ಆಯಿತು, 'ಆಪ್ ಹವೆಲ್' ಎಂಬುದು 'ಪೊವೆಲ್' ಆಯಿತು, 'ಆಪ್ ರಿಚರ್ಡ್' ಎಂಬುದು 'ಪ್ರಿಚರ್ಡ್' ಆಯಿತು. ಮಿಡಲ್‌ನ ಗುಹೆಯೊಂದರಲ್ಲಿ ವಾಸವಾಗಿದ್ದು ದೊರೆಯ ಸೈನ್ಯ ಸೇರಿದ ವಿಲಿಯಂ ಪ್ರೀಸ್‌ನ ಹೆಸರಿನಲ್ಲಿ ಒಂದು ಭಾಷೆಯ ವ್ಯಾಕರಣವೇ ಹುದುಗಿದೆ.

ಈ ಹೆಸರುಗಳ ಹಿಂದೆ ಒಂದು ಶಾಸನವಿದೆ. 1536ರಲ್ಲಿ ಎಂಟನೆಯ ಹೆನ್ರಿಯ ಆಡಳಿತವು ವೇಲ್ಸನ್ನು ಇಂಗ್ಲೆಂಡಿನೊಳಗೆ ಸೇರಿಸಿತು. ಗಡಿಯ ಪಾಳೆಯಗಳನ್ನು ಒಡೆದು ಜಿಲ್ಲೆಗಳಿಗೆ ಹಂಚಿತು; ಆಸ್ವೆಸ್ಟ್ರಿ, ಎಲ್ಸ್‌ಮಿಯರ್, ನಾಕಿನ್ ಮುಂತಾದ ಸೀಮೆಗಳು ಶ್ರಾಪ್‌ಷೈರ್ ಪಾಲಾದವು. ನ್ಯಾಯಸ್ಥಾನದ ಭಾಷೆ ಇಂಗ್ಲಿಷ್ ಎಂದೂ, ವೆಲ್ಷ್ ನುಡಿಯನ್ನೇ ಬಳಸುವವರಿಗೆ ಅಧಿಕಾರದ ಹುದ್ದೆ ಇಲ್ಲವೆಂದೂ ಅದೇ ಶಾಸನ ಸಾರಿತು. ಗೆರೆ ಎಳೆದವರು ಆಡುವ ಜನರನ್ನು ಕೇಳಿರಲಿಲ್ಲ. ಆದರೆ ಭಾಷೆ ಗೆರೆಯನ್ನು ಕಂಡು ಹಿಂದಕ್ಕೆ ಸರಿಯಲಿಲ್ಲ. 1563ರಲ್ಲಿ ಬೈಬಲನ್ನು ವೆಲ್ಷ್ ಭಾಷೆಗೆ ತರಬೇಕೆಂದು ಆದೇಶವಾದಾಗ, ಅದರ ಹೊಣೆ ಹೊತ್ತ ಐವರು ಬಿಷಪ್ಪರಲ್ಲಿ ಇಂಗ್ಲೆಂಡಿನ ಹೆರೆಫರ್ಡ್‌ನವನೂ ಒಬ್ಬನಾಗಿದ್ದನು. ಅವನ ವ್ಯಾಪ್ತಿಯಲ್ಲಿಯೂ ವೆಲ್ಷ್ ಆಡುವ ಊರುಗಳಿದ್ದವು. ಆಸ್ವೆಸ್ಟ್ರಿ ಸೀಮೆಯ ಚರ್ಚುಗಳು ಆಡಳಿತದಲ್ಲಿ ಇಂಗ್ಲೆಂಡಿನವಾಗಿದ್ದರೂ 1920ರವರೆಗೆ ವೇಲ್ಸ್‌ನ ಸೇಂಟ್ ಆಸಫ್ ಧರ್ಮಪ್ರಾಂತದಲ್ಲಿಯೇ ಉಳಿದವು. ಟ್ರೆಫೋನೆನ್, ಲಾನಾಬ್ಲಾಡ್ವೆಲ್ ಎಂಬ ವೆಲ್ಷ್ ಹೆಸರಿನ ಊರುಗಳು ಇಂದಿಗೂ ಇಂಗ್ಲೆಂಡಿನೊಳಗಿವೆ.

1956ರ ನವೆಂಬರ್ 1ರಂದು ಒಂದೇ ರಾತ್ರಿಯಲ್ಲಿ ರಾಜ್ಯ ಬದಲಾದ ಕಾಸರಗೋಡಿನವರಿಗೆ ಇದರಲ್ಲಿ ಹೊಸದೇನೂ ಕಾಣದಿರಬಹುದು. ಆಡಳಿತದ ಭಾಷೆ ಬೇರೆಯಾದ ಕಡೆಗಳಲ್ಲಿ ಊರಿನ ಹೆಸರು, ಮನೆಯ ಹೆಸರು, ಹೊಲದ ಹೆಸರುಗಳು ದಫ್ತರದ ಲಿಪಿಗೆ ತಕ್ಕಂತೆ ಬಾಗುತ್ತವೆ. ಮೂರು ತಲೆಮಾರು ಕಳೆದರೆ ಬಾಗಿದ ರೂಪವೇ ಮೂಲವೆನಿಸುತ್ತದೆ. ಪ್ರೀಸ್ ಎಂಬ ಹೆಸರು ಹೊತ್ತವನಿಗೆ ತನ್ನ ಅಜ್ಜಂದಿರ ನುಡಿ ಯಾವುದೆಂದು ಆ ಹೆಸರು ತಾನಾಗಿ ಹೇಳಲಾರದು. ಬಲ್ಲವರು ಬಿಡಿಸಿ ಓದಬೇಕು.

ಯಾವ ಊರಿನವನು?

ಗಾಫ್‌ನ ಹಸ್ತಪ್ರತಿಯ ಕೊನೆಯ ಭಾಗವನ್ನು ಓದುಗರು ಸಾಮಾನ್ಯವಾಗಿ ಬೇಗ ದಾಟುತ್ತಾರೆ. ಅದರಲ್ಲಿರುವುದು ಮಿಡಲ್ ಮತ್ತು ನೆರೆಯ ಪ್ಯಾರಿಷ್‌ಗಳ ನಡುವೆ ಬಡವರ ಕುರಿತು ನಡೆದ ವ್ಯಾಜ್ಯಗಳು. ಆದರೆ ಇಡೀ ಬರಹದ ತಿರುಳು ಅಲ್ಲಿಯೇ ಇದೆಯೆನ್ನಬಹುದು. ಅಂದಿನ ಕಾನೂನಿನಂತೆ ದುಡಿಯಲಾರದ ಬಡವರನ್ನು ಸಾಕುವ ಹೊಣೆ ಆಯಾ ಪ್ಯಾರಿಷ್‌ನದು, ಅದರ ಖರ್ಚು ಭೂಮಿಯುಳ್ಳವರ ತೆರಿಗೆಯಿಂದ. 1662ರ ಶಾಸನವು ಹೊಸದಾಗಿ ಬಂದು, ವರ್ಷಕ್ಕೆ 10 ಪೌಂಡಿಗಿಂತ ಕಡಿಮೆ ಬೆಲೆಯ ವಸತಿಯಲ್ಲಿ ನೆಲಸಿದವರನ್ನು 40 ದಿನಗಳೊಳಗೆ ದೂರು ಕೊಟ್ಟು ಅವರ ಮೂಲ ಊರಿಗೆ ಕಳುಹಿಸಲು ಅವಕಾಶ ಕೊಟ್ಟಿತು. ಹಾಗಾದರೆ ಮೂಲ ಊರು ಯಾವುದು? ಹುಟ್ಟಿದ್ದೇ, ದುಡಿದದ್ದೇ, ಕಸುಬು ಕಲಿತದ್ದೇ, ಮದುವೆಯಾದದ್ದೇ? ಒಬ್ಬ ಅಂಗವಿಕಲ ಬಡವನನ್ನು ಯಾವ ಊರು ಸಾಕಬೇಕೆಂದು ಎರಡು ಊರುಗಳು ವಕೀಲರನ್ನು ಹಿಡಿದು ಬಡಿದಾಡಿದವು. ವ್ಯಾಜ್ಯದ ಖರ್ಚಿನಲ್ಲಿ ಅವನನ್ನು ವರ್ಷಗಟ್ಟಲೆ ಸಾಕಬಹುದಾಗಿತ್ತು.

ಇಂಥ ವ್ಯಾಜ್ಯಗಳಲ್ಲಿ ಗಾಫ್ ತನ್ನ ಪ್ಯಾರಿಷ್‌ನ ಪರವಾಗಿ ನಿಂತವನು. ಇಲ್ಲಿ ಅವನು ನಿಷ್ಪಕ್ಷಪಾತಿಯಲ್ಲ. ತೆರಿಗೆ ಕೊಡುವವನ ಕಣ್ಣಿನಿಂದಲೇ ನೋಡುತ್ತಾನೆ. ಗುಡಿಸಲಿನವರ ಕುರಿತು ಬರೆಯುವಾಗ ಅವನ ದನಿ ಹಲವೆಡೆ ಗಡುಸಾಗುತ್ತದೆ. ಮುಂದಿನ ಆಸನದವರ ಮದುವೆ, ಆಸ್ತಿ, ವಿದ್ಯೆಗಳು ವಿವರವಾಗಿ ಬಂದರೆ, ಕೊನೆಯ ಆಸನದವರು ಹೆಚ್ಚಾಗಿ ಅವರ ತಪ್ಪುಗಳಿಂದಲೇ ನೆನಪಾಗುತ್ತಾರೆ. ಹೆಂಗಸರೂ ಬಹುಮಟ್ಟಿಗೆ ಗಂಡನ ಮನೆಯ ಏಳಿಗೆಗೋ ಅಳಿವಿಗೋ ಕಾರಣರಾಗಿ ಬರುತ್ತಾರೆಯೇ ಹೊರತು, ತಮ್ಮದೇ ದನಿಯಲ್ಲಿ ಮಾತಾಡುವುದು ಅಪರೂಪ. ಆದರೂ ಅವರ ಹೆಸರುಗಳು ಉಳಿದದ್ದು ಅವನ ಕೈಯಿಂದಲೇ. ಬೇಲಿ ಕಿತ್ತ ವೆನ್‌ಲಾಕ್‌ನ ಬಾಳಿನ ಕಥೆ ಬೇರೆ ಯಾವ ದಫ್ತರದಲ್ಲಿಯೂ ಹೀಗೆ ಉಳಿಯುತ್ತಿರಲಿಲ್ಲ.

ಹಸ್ತಪ್ರತಿಯಿಂದ ಚರಿತ್ರೆಗೆ

ಗಾಫ್ 1723ರಲ್ಲಿ, 88ರ ಪ್ರಾಯದಲ್ಲಿ ತೀರಿಕೊಂಡನು. ಬದುಕಿರುವಾಗ ಅವನ ಬರಹ ಅಚ್ಚಾಗಲಿಲ್ಲ. ನೂರು ವರ್ಷಗಳಿಗೂ ಮಿಕ್ಕಿದ ಮೇಲೆ, 1834ರಲ್ಲಿ, ಹಸ್ತಪ್ರತಿಗಳ ಸಂಗ್ರಾಹಕ ಸರ್ ಥಾಮಸ್ ಫಿಲಿಪ್ಸ್ ಅದರ ಒಂದು ಭಾಗವನ್ನು ಅಚ್ಚು ಹಾಕಿಸಿದನು. ಪೂರ್ಣಪಾಠ ಬಂದದ್ದು 1875ರಲ್ಲಿ. ಆಗಲೂ ಅದು ಕುತೂಹಲಿಗಳ ಪುಸ್ತಕವಾಗಿತ್ತು. ಊರಿನ ಚರಿತ್ರೆ ವಿಶ್ವವಿದ್ಯಾಲಯದ ಗಂಭೀರ ಅಧ್ಯಯನಕ್ಕೆ ತಕ್ಕ ವಿಷಯವೆಂಬ ನಂಬಿಕೆ ಬೆಳೆದದ್ದು ಎರಡನೆಯ ಮಹಾಯುದ್ಧದ ಬಳಿಕ, ಲೆಸ್ಟರ್‌ನಲ್ಲಿ ಡಬ್ಲ್ಯು. ಜಿ. ಹಾಸ್ಕಿನ್ಸ್ ಅವರ ನೇತೃತ್ವದಲ್ಲಿ ಸ್ಥಳೀಯ ಚರಿತ್ರೆಗೆಂದೇ ಒಂದು ವಿಭಾಗ ಆರಂಭವಾದ ಮೇಲೆ. ಆ ಪರಂಪರೆಯಲ್ಲಿ ಬೆಳೆದ ಡೇವಿಡ್ ಹೇ ಅವರು ಗಾಫ್‌ನ ಹೇಳಿಕೆಗಳನ್ನು ಚರ್ಚಿನ ಜನನ ಮರಣ ಪುಸ್ತಕ, ಮರಣಶಾಸನ, ಸತ್ತವರ ಸೊತ್ತಿನ ಪಟ್ಟಿ, ಪಾಳೆಯದ ಗೇಣಿ ಲೆಕ್ಕಗಳೊಂದಿಗೆ ಹೋಲಿಸಿ ಪರಿಶೀಲಿಸಿದರು. ಮುದುಕನ ನೆನಪು ಬಹುಮಟ್ಟಿಗೆ ಸರಿಯೆಂದು ಸಾಬೀತಾಯಿತು. 1974ರಲ್ಲಿ ಹೊರಬಂದ ಅವರ ಮಿಡಲ್ ಅಧ್ಯಯನ ಒಂದು ಮಾದರಿಯಾಯಿತು. ಅವರೇ ಸಂಪಾದಿಸಿದ ಗಾಫ್‌ನ ಮೂಲಪಾಠ 1981ರಲ್ಲಿ ಅಗ್ಗದ ಬೆಲೆಯ ಪುಸ್ತಕವಾಗಿ ಸಾಮಾನ್ಯ ಓದುಗರ ಕೈಸೇರಿತು.

ಕನ್ನಡದಲ್ಲಿ ಊರುಗಳ ಚರಿತ್ರೆಗೆ ಬೇರೊಂದು ಪರಂಪರೆಯಿದೆ. 1799ರ ಬಳಿಕ ಮೈಸೂರು ಸೀಮೆಯನ್ನು ಅಳೆದ ಕಾಲಿನ್ ಮೆಕೆಂಜಿಯ ಸಹಾಯಕರು ಊರೂರಿನಿಂದ ಕೈಫಿಯತ್ತುಗಳನ್ನು ಬರೆಯಿಸಿ ತಂದರು. ಕನ್ನಡದ ಕೈಫಿಯತ್ತುಗಳನ್ನು ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ ಮೇಲೆ ಅವು ಸಂಶೋಧಕರಿಗೆ ಸುಲಭವಾಗಿ ಸಿಗುವಂತಾದವು. ಎರಡಕ್ಕೂ ಇರುವ ವ್ಯತ್ಯಾಸ ಗಮನಾರ್ಹ. ಕೈಫಿಯತ್ತು ಸರಕಾರದ ಪ್ರಶ್ನೆಗೆ ಊರು ಕೊಟ್ಟ ಉತ್ತರ. ಆದ್ದರಿಂದ ದೇವಸ್ಥಾನ, ಪಾಳೆಯಗಾರ, ಮಾನ್ಯ, ಉಂಬಳಿಗಳು ಅದರಲ್ಲಿ ಮುಂದೆ ನಿಲ್ಲುತ್ತವೆ. ಗಾಫ್‌ನನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲ. ಊರೇ ತನ್ನೊಳಗಿನ ಅಗತ್ಯಕ್ಕೆ ಬರೆದುಕೊಂಡ ಚರಿತ್ರೆ ಅದು. ಅದರಲ್ಲಿ ಕಮ್ಮಾರನ ಮನೆಗೂ ಕೋಟೆಯಷ್ಟೇ ಜಾಗ ಸಿಕ್ಕಿತು.

ಗಡಿಯಾಚೆಯ ಕನ್ನಡ ಊರುಗಳಲ್ಲಿ ಇಂಥ ಬರಹಕ್ಕೆ ಬೇಕಾದ ಸಾಮಗ್ರಿ ಇನ್ನೂ ಇದೆ. ತರವಾಡಿನ ಕಡತ, ಮಠದ ಲೆಕ್ಕದ ಪುಸ್ತಕ, ಜಾತ್ರೆಯ ಮರ್ಯಾದೆಯ ಪಟ್ಟಿ, ಹೊಲಗಳ ರೂಢಿಯ ಹೆಸರು, ಕನ್ನಡ ಶಾಲೆಯ ಹಳೆಯ ದಾಖಲಾತಿ ಪುಸ್ತಕ, ಎಲ್ಲಕ್ಕೂ ಮಿಗಿಲಾಗಿ ಇವನ್ನೆಲ್ಲ ಬಿಡಿಸಿ ಹೇಳಬಲ್ಲ ಹಿರಿಯರು. ಚರ್ಚಿನ ಆಸನದ ಜಾಗದಲ್ಲಿ ಮನೆಗಳ ಸಾಲನ್ನೋ ಬಾವಿಗಳನ್ನೋ ಜಾತ್ರೆಯ ಸರದಿಯನ್ನೋ ಇಟ್ಟುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಯಾರನ್ನೂ ಬಿಡದೆ ಬರೆಯುತ್ತ ಹೋಗಬಹುದು. ಗಾಫ್ ಬರೆಯಲು ಕುಳಿತಾಗ 1642ರ ಗುಡ್ಡವನ್ನು ಕಂಡವರು ಮಿಡಲ್‌ನಲ್ಲಿ ಕೆಲವರೇ ಉಳಿದಿದ್ದಿರಬೇಕು. ಅವನು ಇನ್ನು ಇಪ್ಪತ್ತು ವರ್ಷ ತಡಮಾಡಿದ್ದರೆ ಆ 13 ಮಂದಿಯ ಸಾವಿನ ಜೊತೆಗೆ ಅವರ ಹೆಸರುಗಳೂ ಮಣ್ಣಾಗುತ್ತಿದ್ದವು.